ಎಣ್ಣೆ, ಸೀಗೆ, ಮೂರನೇ ರಿಯಾಕ್ಟರು

ಬುಧವಾರ ರಾತ್ರಿ ಬ್ಯಾಚು ಒಡೆಯಿತು.
ಪೀಣ್ಯ ಎರಡನೇ ಹಂತ, ಶೀಟು ಹೊದಿಸಿದ ಶೆಡ್ಡು,
ಎರಡು ಟನ್ ಬಿಳಿ ಹಾಲು
ನೋಡನೋಡುತ್ತ ಗಿಣ್ಣು.
ಗಂಗಹನುಮಯ್ಯ ಬಾಯಿ ತೆರೆದ ರಿಯಾಕ್ಟರಿಗೆ ಟಾರ್ಚು ಬಿಟ್ಟು
"ಮೊಸರಾಗಿದ್ರೆ ಉಣ್ಣಬಹುದಿತ್ತು ಮೇಡಂ" ಅಂದ.

ಗುರುವಾರವಿಡೀ ಕೆರೆದೆವು.
ಕಲಕುವ ರೆಕ್ಕೆಗೆ ಮೆತ್ತಿದ ರಬ್ಬರಿನಂಥ ಗಂಟು,
ಉಳಿ, ಸುತ್ತಿಗೆ, ಬೈಗುಳ.
ತಪ್ಪು ಹುಡುಕಿದರೆ ಸಿಕ್ಕಿದ್ದು ನೀರು.
ನೀರು ಶುದ್ಧ ಮಾಡುವ ಯಂತ್ರ ಕೆಟ್ಟು ಕೂತಿತ್ತು,
ಯಾರೋ ಟ್ಯಾಂಕರಿನ ಪೈಪು ಜೋಡಿಸಿದ್ದರು:
ಸಾವಿರದಿನ್ನೂರು ಅಡಿ ಕೆಳಗಿನ ನೀರು,
ಬಿಂದಿಗೆಯ ತಳಕ್ಕೆ ಸುಣ್ಣ ಕಟ್ಟುವ ನೀರು,
ಬೇಳೆ ಬೇಯದ ನೀರು.

ನಮ್ಮ ಹಳೆಯ ಸೋಪು
ಕಣಕಣಕ್ಕೂ ಒಂದಿಷ್ಟು ಋಣ ವಿದ್ಯುತ್ತು ಮೆತ್ತಿ ಬಿಡುತ್ತಿತ್ತು.
ನೀನೂ ಋಣ, ನಾನೂ ಋಣ, ದೂರ ನಿಲ್ಲು.
ಸುಣ್ಣ ಬಂದು ಆ ಋಣ ತೀರಿಸಿತು.
ನಮ್ಮಲ್ಲಿ ಋಣ ತೀರಿದರೆ ಅಗಲುತ್ತಾರೆ;
ಇವು ಒಂದರ ಮೇಲೊಂದು ಬಿದ್ದು
ಬಿಡಿಸಲಾಗದಂತೆ ಅಂಟಿಕೊಂಡವು.

ತಸ್ಮಿಯಾ ಕಪಾಟಿನ ಹಿಂದಿನಿಂದ ಒಂದು ಬಾಟಲಿ ತಂದಳು.
ಜೇನಿನಷ್ಟು ಮಂದ, ಬಣ್ಣವಿಲ್ಲ.
ಒಂದೇ ಸರಪಣಿ:
ಅರ್ಧಕ್ಕೆ ನೀರು ಕಂಡರಾಗದು,
ಅರ್ಧ ನೀರು ಬಿಟ್ಟು ಇರಲಾರದು.
"ಇದು ಯಾರ ಕಡೆ?" ಗಂಗಹನುಮಯ್ಯ ಕೇಳಿದ.

ನನಗೆ ಬಿನ್ನಿಪೇಟೆ ಕ್ವಾರ್ಟರ್ಸಿನ ಬಚ್ಚಲು ನೆನಪಾಯಿತು.
ಭಾನುವಾರ. ಗಿರಣಿಗೆ ರಜೆ. ಅಜ್ಜಿಯ ಒರಟು ಕೈ,
ತಲೆ ತುಂಬ ಹರಳೆಣ್ಣೆ, ಕಣ್ಣ ತುಂಬ ಸೀಗೆಪುಡಿ.
ನಲ್ಲಿ ಸರದಿಗೆ ಜಗಳ ಕಾದ ಎದುರುಮನೆಯವಳ ಮಾತೆತ್ತಿ
"ನಂಗೂ ಅವಳಿಗೂ ಎಣ್ಣೆ ಸೀಗೇಕಾಯಿ" ಅನ್ನುತ್ತ
ಸೀಗೆಯನ್ನು ಎಣ್ಣೆಗೆ ತಿಕ್ಕುತ್ತಿದ್ದಳು.
ಉರಿಯುವ ಕಣ್ಣು ಮುಚ್ಚಿಕೊಂಡೇ ನಾನು ಕೇಳಿದ್ದೆ:
ಹಗೆಯಾದರೆ ಅದನ್ನು ಕೈಹಿಡಿದು ಕರೆದೊಯ್ಯುವುದೇಕೆ?
"ಬಾಯಿ ಮುಚ್ಚು, ನೊರೆ ಹೋಗುತ್ತೆ."

ಸೀಗೆಗೂ ಇಂಥದೇ ಎರಡು ಕೈ.
ಒಂದರಲ್ಲಿ ಎಣ್ಣೆ, ಒಂದರಲ್ಲಿ ನೀರು.
ಗಾದೆ ಕಟ್ಟಿದವರು ಜಗಳ ಕಂಡರು, ಕೈ ಕಾಣಲಿಲ್ಲ.
ಆದರೆ ಸೀಗೆ ಎಣ್ಣೆಯನ್ನು ಮೋರಿಗೆ ಬಿಟ್ಟು ಬರುತ್ತದೆ.
ಇದು ಎಲ್ಲಿಗೂ ಒಯ್ಯುವುದಿಲ್ಲ.
ನೀರೊಲ್ಲದ ತುದಿಯನ್ನು ಕಣದೊಳಗೆ ಬೇರಿಳಿಸಿ,
ಇನ್ನೊಂದನ್ನು ನೀರಿನಲ್ಲಿ ಕೂದಲಿನಂತೆ ಹರವಿಕೊಂಡು
ಅಂಚಿನಲ್ಲೇ ಕೂರುತ್ತದೆ.
ಎರಡು ಕಣ ಎದುರಾದರೆ
ಕೂದಲು ಕೂದಲಿಗೆ ಇಕ್ಕಟ್ಟು,
ಆ ಇಕ್ಕಟ್ಟಿಗೆ ನೀರು ನುಗ್ಗಿ ಇಬ್ಬರನ್ನೂ ಸರಿಸುತ್ತದೆ.
ಜಾಲಹಳ್ಳಿ ಕ್ರಾಸಿನ ಬಸ್ಸಿನಲ್ಲಿ
ಮೊಣಕೈ ಅಗಲಿಸಿ ನಿಂತ ಗಾರ್ಮೆಂಟ್ ಹೆಂಗಸರ ಹಾಗೆ:
ಜಗಳವಲ್ಲ, ಜಾಗ.

ಸೋಮವಾರ ಬೇಕೆಂದೇ ಟ್ಯಾಂಕರಿನ ನೀರು ಹಾಕಿದೆವು.
ನೈಟ್ರೋಜನ್ನಿನ ಗುಳ್ಳೆ, ಎಂಬತ್ತು ಡಿಗ್ರಿ,
ಸ್ಟೈರೀನಿನ ಆ ತಲೆನೋವಿನ ವಾಸನೆ.
ಪರ್ಸಲ್ಫೇಟು ಸುರಿದು ಹನ್ನೆರಡನೇ ನಿಮಿಷ
ಗಾಜಿನ ಕಿಂಡಿಯಲ್ಲಿ ತೆಳ್ಳನೆ ನೀಲಿ.
ಹಾಲಿಗೂ ಮೊದಲು ನೀಲಿ:
ಬೆಳಕನ್ನು ಪೂರ್ತಿ ತಡೆಯಲಾರದಷ್ಟು ಎಳೆಯ ಕಣಗಳು.
ತಸ್ಮಿಯಾ ಉಪವಾಸ ಬಿಡಲು ಎತ್ತಿದ್ದ ಖರ್ಜೂರ ಕೈಯಲ್ಲೇ ಹಿಡಿದು
ಓಡಿಬಂದು ನೋಡಿದಳು.
ಆಮೇಲೆ ಬಿಳಿ, ಇನ್ನೂ ಬಿಳಿ. ಒಡೆಯಲಿಲ್ಲ.

ಬೆಳಗಿನ ಜಾವ ನೈಲಾನ್ ಜಾಲರಿಯಲ್ಲಿ ಸೋಸಿದೆವು.
ಎರಡು ಟನ್ನಿಗೆ ಒಂದು ಹಿಡಿ ಮರಳು ಉಳಿಯಿತು.
ಗಂಗಹನುಮಯ್ಯ ಅದನ್ನು ಹಳೆಯ ಪೇಪರಿನ ಮೇಲೆ ಹರಡಿ,
ಎರಡು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿ
ಮೆಲ್ಲಗೆ ಅಂದ,
"ಇವಕ್ಕೆ ಮಾತ್ರ ಕೈ ಸಿಗಲಿಲ್ಲ ಅಂತ ಕಾಣುತ್ತೆ."